ತತ್ತಿ, ಶೀರಿ, ಸಾಲಿ

ಹಳ್ಳಿಯ ಶಾಲೆಗಳಲ್ಲಿ ಮಕ್ಕಳು ನನ್ನನ್ನು ‘ಮಾತಿನ ಅಕ್ಕೋರು’ ಅನ್ನುತ್ತಾರೆ. ವಾಕ್ ಮತ್ತು ಭಾಷಾ ತಜ್ಞೆ ಎಂಬ ಹೆಸರಿಗಿಂತ ಇದೇ ವಾಸಿ. ಈ ವಿದ್ಯೆ ಕಲಿಸಲೆಂದೇ 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾತು-ಭಾಷೆಯ ತೊಂದರೆಯೂ ಒಂದು. ನಮ್ಮ ಕಡೆ ಮಾತ್ರ ಮಗುವಿನ ಮಾತು ತಡವಾದರೆ ಮೊದಲು ಬಜಿಬೇರು ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ಅದಕ್ಕೂ ಬಗ್ಗದಿದ್ದರೆ ‘ಅವರಪ್ಪಗೂ ತಡಾ ಆಗೇ ಮಾತು ಬಂದಾವ್ರಿ’ ಎಂದು ಇನ್ನೆರಡು ವರ್ಷ ಕಾಯುತ್ತಾರೆ.

ಪಿಎಚ್‌.ಡಿ. ಕೆಲಸಕ್ಕೆಂದು ಎರಡು ವರ್ಷಗಳಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳನ್ನು ಸುತ್ತುತ್ತಿದ್ದೇನೆ. ಒಂದರಿಂದ ಮೂರನೇ ತರಗತಿಯ ಮಕ್ಕಳು. ಕೈಚೀಲದಲ್ಲಿ ಒಂದು ಕನ್ನಡಿ, ಟಾರ್ಚು, ಚಿತ್ರದ ಕಾರ್ಡುಗಳು. ಚಿತ್ರ ತೋರಿಸಬೇಕು, ಮಗು ಹೆಸರು ಹೇಳಬೇಕು, ಯಾವ ಅಕ್ಷರ ಎಲ್ಲಿ ಕೆಟ್ಟಿತು ಎಂದು ನಾನು ಗುರುತು ಹಾಕಬೇಕು. ಕೇಳಲು ಸುಲಭ. ಆದರೆ ಕಾರ್ಡಿನ ಹಿಂದೆ ‘ಮೊಟ್ಟೆ’ ಎಂದಿದ್ದರೆ ಇಂಡಿಯ ಮಗು ‘ತತ್ತಿ’ ಅನ್ನುತ್ತದೆ. ಈರುಳ್ಳಿ ಉಳ್ಳಾಗಡ್ಡಿಯಾಗುತ್ತದೆ, ಕಡಲೆಕಾಯಿ ಶೇಂಗಾ ಆಗುತ್ತದೆ. ಇಷ್ಟನ್ನು ಯಾರಾದರೂ ಸರಿಪಡಿಸಿಕೊಂಡಾರು. ಕಷ್ಟ ಇರುವುದು ಇದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಇಲ್ಲಿ ಸೀರೆ ‘ಶೀರಿ’, ಶಾಲೆ ‘ಸಾಲಿ’. ಒಂದೆಡೆ ಸಕಾರ ಶಕಾರವಾಗಿದೆ, ಇನ್ನೊಂದೆಡೆ ಶಕಾರ ಸಕಾರವಾಗಿದೆ. ಅಂಕಪಟ್ಟಿ ಮಾತ್ರ ನೋಡುವವರಿಗೆ ಈ ಮಗುವಿಗೆ ಎರಡೂ ಅಕ್ಷರ ಗೊತ್ತಿಲ್ಲ ಅನ್ನಿಸಬೇಕು. ಮೈಸೂರು ಸೀಮೆಯ ಹಳ್ಳಿಯಲ್ಲಿ ಹಾಲು ‘ಆಲು’ ಆಗುವಂತೆ ಇದೂ ಸೀಮೆಯ ನುಡಿ, ನಾಲಿಗೆಯ ದೋಷವಲ್ಲ. ಹಾಗಾಗಿ ನನ್ನದೊಂದು ಪದ್ಧತಿ ಇದೆ: ಅದೇ ಕಾರ್ಡನ್ನು ಅಜ್ಜಿಗೂ ತೋರಿಸುವುದು. ಅಜ್ಜಿಯೂ ಶೀರಿ ಅಂದರೆ ಅಲ್ಲಿಗೆ ವಿಷಯ ಮುಗಿಯಿತು. ಕಾಗಿಯನ್ನು ಮೊಮ್ಮಗ ಮಾತ್ರ ‘ತಾದಿ’ ಅನ್ನುತ್ತಿದ್ದರೆ ನನ್ನ ಕೆಲಸ ಶುರು.

ತಾಂಡಾಗಳಲ್ಲಿ ಇದು ಇನ್ನೂ ಗಂಭೀರ. ಮನೆಯಲ್ಲಿ ಗೋರಬೋಲಿ ಆಡಿ, ತಾಯಿಯನ್ನು ‘ಯಾಡಿ’ ಎಂದು ಕರೆದು ಬೆಳೆದ ಮಗು ಒಂದನೇ ತರಗತಿಯ ಕನ್ನಡದ ಎದುರು ಬಾಯಿ ಮುಚ್ಚಿ ಕೂರುತ್ತದೆ. ಮುದ್ದೇಬಿಹಾಳ ಕಡೆಯ ಒಂದು ಶಾಲೆಯ ಪಟ್ಟಿಯಲ್ಲಿ ಅಂಥ ಹುಡುಗಿಯೊಬ್ಬಳ ಹೆಸರಿನ ಮುಂದೆ ‘ಬುದ್ಧಿಮಾಂದ್ಯ’ ಎಂದು ಬರೆದಿತ್ತು. ಸಂಜೆ ತಾಂಡಾಕ್ಕೆ ಹೋದರೆ ಅವಳು ತಮ್ಮನಿಗೆ ಕಥೆ ಹೇಳುತ್ತಿದ್ದಳು, ನಡುನಡುವೆ ಗದರಿಸುತ್ತಲೂ ಇದ್ದಳು. ಭಾಷೆಯ ತೊಂದರೆ ನಿಜವಾಗಿದ್ದರೆ ಅದು ಮನೆಮಾತಿನಲ್ಲೂ ಕಾಣಬೇಕು. ಆ ಪದವನ್ನು ಹೊಡೆದುಹಾಕಿಸಲು ನಾನು ಮೂರು ಸಲ ಹೋಗಬೇಕಾಯಿತು. ಬರೆಯಲು ಒಂದು ನಿಮಿಷ ಸಾಕಾಗಿರಬೇಕು.

ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ದಿನಕ್ಕೊಬ್ಬರು ವಚನ ಹೇಳುತ್ತಾರೆ. ಬಸವಣ್ಣನ ಸೀಮೆ, ಹೇಳಲೇಬೇಕು. ಮೂರನೇ ತರಗತಿಯ ಹುಡುಗನೊಬ್ಬ ತನ್ನ ಸರದಿ ಬಂದ ದಿನ ಶಾಲೆಗೇ ಬರುತ್ತಿರಲಿಲ್ಲ. ತೊದಲು. ಬೇರೆ ಮಾತಾದರೆ ಸುತ್ತಿ ಬಳಸಿ ಇನ್ನೊಂದು ಪದ ಹಿಡಿಯುತ್ತಾನೆ. ತನ್ನ ಹೆಸರಿಗೆ ಬದಲಿ ಪದ ಇಲ್ಲವಲ್ಲ, ಅಲ್ಲಿ ಸಿಕ್ಕಿಬೀಳುತ್ತಾನೆ. ಆದರೆ ಇಡೀ ತರಗತಿ ಮಗ್ಗಿ ಒದರುವಾಗ ಅವನ ದನಿ ಎಲ್ಲರೊಂದಿಗೆ ಸಲೀಸು. ‘ನಾಟಕ ಮಾಡ್ತಾನ್ರಿ ಮೇಡಮ್, ಎಲ್ಲಾರ ಜೋಡಿ ಬರ್ತದ, ಒಬ್ಬನ್ನ ಕೇಳಿದ್ರ ಬರಂಗಿಲ್ಲಂದ್ರ?’ ಎಂದರು ಮಾಸ್ತರು. ಅವರ ಸಿಟ್ಟಿನಲ್ಲಿ ತರ್ಕವಿತ್ತು. ತೊದಲಿನ ಗುಣವೇ ಹಾಗೆ: ಒಟ್ಟಾಗಿ ಹೇಳುವಾಗ, ಹಾಡುವಾಗ ಅದು ಬಹುಮಟ್ಟಿಗೆ ಅಡಗುತ್ತದೆ. ಅದನ್ನೇ ಹಿಡಿದುಕೊಂಡೆವು. ಅವನೂ ಗೆಳೆಯನೂ ಜೋಡಿಯಾಗಿ ವಚನ ಹೇಳುವುದು, ದಿನ ಕಳೆದಂತೆ ಗೆಳೆಯ ದನಿ ತಗ್ಗಿಸುವುದು. ಮಾಸ್ತರು ‘ಲಗು ಹೇಳಲೇ’ ಅನ್ನುವುದನ್ನು ಬಿಟ್ಟರು. ನನ್ನ ಚಿಕಿತ್ಸೆಗಿಂತ ಇದು ಹೆಚ್ಚು ಕೆಲಸ ಮಾಡಿತು ಎಂದೇ ನನ್ನ ಅಂದಾಜು. ತೊದಲು ಹೋಗಿಲ್ಲ. ಸರದಿಯ ದಿನ ಶಾಲೆಗೆ ಬರುತ್ತಾನೆ.

ಸಿಂದಗಿ ತಾಲ್ಲೂಕಿನ ಏಳು ವರ್ಷದ ಹುಡುಗನಿಗೆ ಶಿಬಿರವೊಂದರಲ್ಲಿ ಶ್ರವಣಸಾಧನ ಸಿಕ್ಕಿತ್ತು. ಹುಟ್ಟುಕಿವುಡ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಕೊಡುವ ಕೇಂದ್ರದ ಯೋಜನೆಯ ವಯೋಮಿತಿ ಐದು ವರ್ಷ, ಅದು ದಾಟಿಹೋಗಿತ್ತು. ಸಾಧನ ಹಾಕಿದರೆ ದನಿ ಕೇಳುತ್ತದೆ, ಪದದ ಕೊನೆ ಕೇಳುವುದಿಲ್ಲ. ಕನ್ನಡದಲ್ಲಿ ಯಾರು ಬಂದರು ಎಂಬುದು ಇರುವುದೇ ಕೊನೆಯಲ್ಲಿ. ಬಂದಾನ, ಬಂದಾಳ, ಬಂದಾರ. ಅವನಿಗೆ ಮೂರೂ ‘ಬಂದಾ’. ಜುಲೈನಿಂದ ದಸರೆಯವರೆಗೆ ಕುಳಿತು ನ, ಳ, ರಗಳನ್ನು ಬೇರ್ಪಡಿಸುವ ಹೊತ್ತಿಗೆ ಅವ್ವ-ಅಪ್ಪ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಟರು. ಬಿಟ್ಟು ಹೋಗಲು ಮನೆಯಲ್ಲಿ ಯಾರೂ ಇಲ್ಲ.

ಆ ಸಾಧನದ ಬಟನ್ ಬ್ಯಾಟರಿ ಒಂದೆರಡು ವಾರ ಬಾಳುತ್ತದೆ. ಊರಿನ ಅಂಗಡಿಯಲ್ಲಿ ಸಿಗದು, ವಿಜಯಪುರದಿಂದ ತರಿಸಬೇಕು. ನನ್ನ ಬಳಿ ಇದ್ದ ಎರಡು ಪಟ್ಟಿ ಕೊಟ್ಟೆ. ಇಬ್ಬನಿಯ ತೇವ ತಾಗದಂತೆ ರಾತ್ರಿ ಇಡಲು ಒಂದು ಮುಚ್ಚಳದ ಡಬ್ಬಿಯನ್ನೂ ಕೊಟ್ಟೆ. ಅವ್ವನಿಗೆ ಓದು ಬಾರದು, ಅದಕ್ಕೇ ಮಾಡಿಸಬೇಕಾದ ಪಾಠವನ್ನು ಚಿತ್ರದಲ್ಲಿ ಬರೆದೆ: ಒಬ್ಬ ಗಂಡಸು, ಒಬ್ಬ ಹೆಂಗಸು, ಒಂದಿಷ್ಟು ಮಂದಿ, ಒಂದು ಬಾಗಿಲು.

ಫೆಬ್ರವರಿಯಲ್ಲಿ ಯಾರದೋ ಮೊಬೈಲಿನಿಂದ ಫೋನು ಬಂತು. ‘ಅಕ್ಕೋರ, ಸೆಲ್ ಮುಗದಾವ್ರಿ. ಸಾಂಗ್ಲಿ ಹತ್ರ ಅದೀವಿ. ಇಲ್ಲೆ ಎಲ್ಲಿ ಸಿಗ್ತಾವ?’ ಹಿಂದೆ ಎತ್ತಿನ ಗಂಟೆಯ ಸದ್ದು. ಪ್ಯಾಕೆಟ್ಟಿನ ಮೇಲಿನ ಬಣ್ಣ ಯಾವುದು ಕೇಳಿದೆ. ‘ಕಿತ್ತಳಿ’ ಅಂದಳು. ಅಂದರೆ 13ನೇ ನಂಬರಿನದು. ಸಾಂಗ್ಲಿಯಲ್ಲಿ ಶ್ರವಣಸಾಧನ ಮಾರುವವರು ಯಾರು ಎಂದು ನನ್ನ ಜೊತೆ ಓದಿದವರಲ್ಲಿ ವಿಚಾರಿಸಿ, ಸಂಜೆಯೊಳಗೆ ಅಂಗಡಿಯ ವಿಳಾಸವನ್ನು ಆ ಮೊಬೈಲಿನವರಿಗೆ ಓದಿ ಹೇಳಿದೆ. ಅವರು ಮರಾಠಿಯಲ್ಲಿ ಬರೆದುಕೊಂಡರು.