ನಾನು ಮಾಡಿದ ನೀರಿನ ಗಂಟೆ

ಹೋದ ಬೇಸಿಗೆಯಲ್ಲಿ ನಮ್ಮ ಮನೆಗೂ ಪಕ್ಕದ ದೊಡ್ಡಮ್ಮನ ಮನೆಗೂ ಮಾತು ನಿಂತುಹೋಗಿತ್ತು. ಅದಕ್ಕೆ ಕಾರಣ ನಾನೇ. ಹೇಗೆ ಅಂತೀರಾ? ಹೇಳುತ್ತೇನೆ ಕೇಳಿ.

ನಮ್ಮ ಮಾಳಿಗೆ ಮೇಲಿನ ಟ್ಯಾಂಕ್ ತುಂಬಿದ್ದು ಕೆಳಗಿರುವವರಿಗೆ ಗೊತ್ತಾಗುವುದಿಲ್ಲ. ಅವ್ವ ಹಾಲು ಕರೆಯುವುದನ್ನು ಬಿಟ್ಟು ಬಿಟ್ಟು ಎದ್ದು ಬಂದು ನೋಡಬೇಕು. ಅವ್ವನಿಗೆ ಅನುಕೂಲ ಆಗಲಿ ಎಂದು ನಾನು ಒಂದು ಗಂಟೆ ಮಾಡಿದೆ. ನೀರು ಮೇಲಕ್ಕೆ ಬಂದು ಎರಡು ಸ್ಕ್ರೂಗಳನ್ನು ಮುಟ್ಟಿದರೆ ಅವುಗಳ ನಡುವೆ ಬಹಳ ಸ್ವಲ್ಪ ಕರೆಂಟು ಹರಿಯುತ್ತದೆ, ಏಕೆಂದರೆ ನಮ್ಮ ನೀರಿನಲ್ಲಿ ಲವಣಗಳು ಕರಗಿರುತ್ತವೆ. ಅಷ್ಟು ಕರೆಂಟು ಬಜರ್ ಕೂಗಿಸಲು ಸಾಲದು. ಅದನ್ನು ಬಿ.ಸಿ. 547 ಎಂಬ ಟ್ರಾನ್ಸಿಸ್ಟರಿನ ಬೇಸ್ ಕಾಲಿಗೆ ಕೊಟ್ಟರೆ ಮಾತ್ರ ಇನ್ನೆರಡು ಕಾಲುಗಳ ನಡುವೆ ಹೆಚ್ಚು ಕರೆಂಟು ಹರಿದು ಬಜರ್ ಕೂಗುತ್ತದೆ. ನಾಲೆಯ ತೂಬಿನ ಹಾಗೆ. ತೂಬು ತಿರುಗಿಸಲು ಒಂದು ಕೈ ಸಾಕು, ಹರಿಯುವ ನೀರು ಗದ್ದೆಗೆಲ್ಲ ಆಗುತ್ತದೆ.

ಇದನ್ನೆಲ್ಲ ನಾನು ಒಂದು ಸೋನ್ ಪಾಪಡಿ ಡಬ್ಬದಲ್ಲಿ ತುಂಬಿದೆ. ಮೊಳೆ ಕಾಯಿಸಿ ತೂತು ಮಾಡಿದೆ. ವೈರುಗಳನ್ನು ಹೊಸೆದು ಟೇಪು ಸುತ್ತಿದೆ. ಮೂರು ದಿನ ಚೆನ್ನಾಗಿ ಕೂಗಿತು. ಅವ್ವ ನಂಬಿ ನೋಡುವುದನ್ನೇ ಬಿಟ್ಟಳು. ನಾಲ್ಕನೆಯ ದಿನ ಯಾರ ಕಾಲಿಗೋ ವೈರು ಸಿಕ್ಕಿ ಒಳಗಡೆ ಕಿತ್ತುಬಂದಿತ್ತು. ಗಂಟೆ ಕೂಗಲಿಲ್ಲ. ನೀರು ಸುರಿದು ದೊಡ್ಡಮ್ಮ ಒಣಗಲು ಹರಡಿದ್ದ ರಾಗಿಯೆಲ್ಲ ನೆನೆದುಹೋಯಿತು. ದೊಡ್ಡಮ್ಮ ನನ್ನನ್ನು ಬೈಯಲಿಲ್ಲ. ಅವ್ವನನ್ನು ಬೈದರು. ಅದೇ ನನಗೆ ತುಂಬಾ ನೋವಾಯಿತು.

ಮೈಸೂರಿನಲ್ಲಿ ಟಿ.ವಿ. ರಿಪೇರಿ ಮಾಡುವ ನಮ್ಮ ಸೋದರಮಾವ ಹಬ್ಬಕ್ಕೆ ಬಂದವರು ಡಬ್ಬ ಬಿಚ್ಚಿ ನೋಡಿ ನಕ್ಕರು. "ಏನ್ಲಾ ಇದು, ಗುಬ್ಬಿ ಗೂಡು ಕಟ್ಟಿದಂಗದೆ! ಸರ್ಕ್ಯೂಟು ಸರಿಯಾಗೇ ಅದೆ ಕಣ್ಲಾ. ಕೆಟ್ಟಿರೋದು ಅಚ್ಚುಕಟ್ಟು" ಅಂದರು. "ಅಂದ ಚೆಂದ ಆಮೇಲೆ ಮಾಡಿದ್ರಾಯ್ತು ಬುಡಿ ಮಾವ" ಅಂದೆ. ಅದಕ್ಕೆ ಅವರು, "ನಿಮ್ಮೂರ ಗುಂಬಜಿನ ಬಾಗಿಲು ನೋಡಿದ್ದೀಯಾ? ಕರೀ ಮರದಲ್ಲಿ ದಂತ ಕೂರಿಸವ್ರೆ. ಓಗಿ ಸಂದು ಹುಡುಕು" ಅಂದರು. ಸಂಜೆ ಹೋಗಿ ನೋಡಿದೆ. ದಿನಾ ಅದರ ಮುಂದೆಯೇ ಓಡಾಡುವ ನಾನು ಅವತ್ತೇ ಸರಿಯಾಗಿ ನೋಡಿದ್ದು. ಅಳತೆ ಮಾಡದೆ ಯಾರೂ ಹಾಗೆ ಕೂರಿಸಲಾರರು.

ಮಾರನೆಯ ದಿನದಿಂದ ಮಾವ ಕಲಿಸಿದ್ದು ಇದು. ಮೊದಲು ಗಟ್ಟಿಯಾದ ಪ್ಲಾಸ್ಟಿಕ್ ಡಬ್ಬಿ ತಂದು ಸಾಮಾನೆಲ್ಲ ಖಾಲಿ ಡಬ್ಬಿಯಲ್ಲಿ ಇಟ್ಟು ನೋಡಬೇಕು. ಮುಚ್ಚಳದ ಮೇಲೆ ಗ್ರಾಫ್ ಹಾಳೆ ಅಂಟಿಸಿ ತೂತಿನ ನಡುವನ್ನು ಗುರುತು ಮಾಡಬೇಕು. ಮೊಳೆಯಿಂದ ಸಣ್ಣ ಗುಳಿ ಮಾಡಿಕೊಂಡರೆ ಡ್ರಿಲ್ ಜಾರುವುದಿಲ್ಲ. ಮೊದಲು 3 ಮಿ.ಮೀ., ಆಮೇಲೆ ಎಲ್.ಇ.ಡಿ.ಗೆ 5 ಮಿ.ಮೀ. ಕೊನೆಗೆ ಅರದಿಂದ ಉಜ್ಜಬೇಕು.

ಬೆಸುಗೆ ಹಾಕುವಾಗ ಸೀಸವನ್ನಲ್ಲ, ಜೋಡಿಸುವ ಜಾಗವನ್ನು ಕಾಯಿಸಬೇಕು. ಬೆಸುಗೆ ಹೊಳೆದರೆ ಸರಿ. ಮಂಕಾಗಿ ಉಂಡೆಯಾದರೆ ಮತ್ತೆ ಮಾಡಬೇಕು. ನಾನು ಹನ್ನೊಂದು ಸಲ ಮತ್ತೆ ಮಾಡಿದೆ! ಕೆಲಸ ಮುಗಿದ ಮೇಲೆ ಕೈ ತೊಳೆಯುವುದನ್ನು ಮರೆಯಬಾರದು, ಸೀಸ ವಿಷ. ಎಲ್.ಇ.ಡಿ.ಗೆ 470 ಓಮ್ ರೆಸಿಸ್ಟರ್ ಇರಲೇಬೇಕು. 9 ವೋಲ್ಟಿನಲ್ಲಿ ಎಲ್.ಇ.ಡಿ. 2 ವೋಲ್ಟ್ ತೆಗೆದುಕೊಂಡರೆ ಉಳಿದ 7 ವೋಲ್ಟನ್ನು 470ರಿಂದ ಭಾಗಿಸಿ, ಸುಮಾರು 15 ಮಿಲಿ ಆಂಪಿಯರ್ ಬರುತ್ತದೆ. ನಮ್ಮ ಮೇಷ್ಟ್ರು ಕಲಿಸಿದ ಓಮನ ನಿಯಮ ಇಲ್ಲಿ ನನಗೆ ಉಪಯೋಗಕ್ಕೆ ಬಂತು.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಗಂಟು. ವೈರು ಡಬ್ಬಿಯೊಳಗೆ ಬಂದ ಕೂಡಲೇ ಅದಕ್ಕೊಂದು ಗಂಟು ಹಾಕಬೇಕು. ಹೊರಗೆ ಯಾರು ಎಳೆದರೂ ಗಂಟು ತೂತಿಗೆ ಸಿಕ್ಕಿಕೊಳ್ಳುತ್ತದೆ, ಬೆಸುಗೆಗೆ ಏಟು ಬೀಳುವುದಿಲ್ಲ. ಆ ಒಂದು ಗಂಟು ಹಾಕಿದ್ದರೆ ದೊಡ್ಡಮ್ಮನ ರಾಗಿ ಉಳಿಯುತ್ತಿತ್ತು.

ಬ್ಯಾಟರಿ ಸತ್ತಿದೆಯೋ ಇಲ್ಲವೋ ತಿಳಿಯಲು ಮಾವ ಒಂದು ಬಟನ್ ಸೇರಿಸಲು ಹೇಳಿದರು. ಒತ್ತಿದರೆ ನೀರು ಬಂದಂತೆಯೇ ಕೂಗುತ್ತದೆ. ಅದರ ಪಕ್ಕ ಏನು ಬರೆಯಲಿ ಎಂದು ಯೋಚಿಸಿದೆ. ಮೋಟರ್ ಹಾಕುವವಳು ನಮ್ಮ ಅಜ್ಜಿ, ಅಜ್ಜಿಗೆ ಓದಲು ಬರುವುದಿಲ್ಲ. ಅದಕ್ಕೇ ತುಂಬಿದ ಕೊಡದ ಚಿತ್ರ ಬರೆದು ಮೇಲೆ ಸೆಲ್ಲೋಟೇಪ್ ಅಂಟಿಸಿದೆ. ಈಗ ಅಜ್ಜಿ ಮೋಟರ್ ಹಾಕುವ ಮುಂಚೆ ದಿನಾ ಕೊಡ ಒತ್ತುತ್ತಾಳೆ. ಸ್ಕ್ರೂಗಳು ಕಪ್ಪಾಗುತ್ತವೆ, ತಿಂಗಳಿಗೊಮ್ಮೆ ಉಜ್ಜುವುದು ನನ್ನ ಕೆಲಸ.

ಅಚ್ಚುಕಟ್ಟು ಎಂದರೆ ಪ್ರದರ್ಶನಕ್ಕೆ ಬಣ್ಣ ಹಚ್ಚುವುದು ಎಂದು ನಾನು ತಿಳಿದಿದ್ದೆ. ಅದು ನಮ್ಮನ್ನು ನಂಬಿದವರಿಗೆ ಮೋಸವಾಗದ ಹಾಗೆ ಕೆಲಸ ಮಾಡುವುದು ಎಂದು ಈಗ ಗೊತ್ತಾಯಿತು. ನೀವೂ ಮಾಡಿ ನೋಡಿ. ಆದರೆ ಬ್ಯಾಟರಿಯಿಂದ ಮಾತ್ರ. ಮನೆ ಕರೆಂಟನ್ನು ನೀರಿನ ಹತ್ತಿರ ಖಂಡಿತ ತರಬೇಡಿ.

ಹೋದ ವಾರ ದೊಡ್ಡಮ್ಮ ಬೇಲಿಯ ಆಚೆಯಿಂದ ಅವ್ವನನ್ನು ಕೇಳಿದರಂತೆ, "ನಿನ್ ಮಗ ಮಾಡವ್ನಲ್ಲ, ಅದು ನಮ್ಮನೆಗೂ ಒಂದು ಮಾಡಿಕೊಟ್ಟಾನಾ?" ಡಬ್ಬಿ ತಂದಾಯಿತು. ಗ್ರಾಫ್ ಹಾಳೆಯನ್ನೂ ಅಂಟಿಸಿದ್ದೇನೆ.