ಹೆಸರಿಲ್ಲದ ವಾದಕರು

ಸಾಧನವು ಬದಲಾದಾಗ ಕಲೆಯ ಸ್ವರೂಪವೂ ಬದಲಾಗುವುದುಂಟು. ತಾಳೆಗರಿಯಿಂದ ಅಚ್ಚಿನ ಪುಟಕ್ಕೆ ಬಂದ ಸಾಹಿತ್ಯವು ಹೊಸ ಪ್ರಕಾರಗಳನ್ನು ತಳೆದಂತೆ, ಗ್ರಾಮಫೋನ್ ತಟ್ಟೆಗೆ ಬಂದ ಸಂಗೀತವೂ ಹೊಸ ಆಕಾರವನ್ನು ಪಡೆಯಿತು. 78 ಸುತ್ತಿನ ಹಳೆಯ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಾಲ್ಕು ನಿಮಿಷಗಳ ಹಾಡಿಗಷ್ಟೇ ಎಡೆಯಿತ್ತು. 1948ರಲ್ಲಿ ಅಮೆರಿಕದ ಕೊಲಂಬಿಯ ಸಂಸ್ಥೆಯು ನಿಮಿಷಕ್ಕೆ 33⅓ ಸುತ್ತು ತಿರುಗುವ ವಿನೈಲ್ ತಟ್ಟೆಯನ್ನು ಹೊರತಂದ ಮೇಲೆ ಆ ಅವಧಿಯು ಇಪ್ಪತ್ತು ನಿಮಿಷಗಳನ್ನು ಮೀರಿತು. ಆದರೂ ಜನಪ್ರಿಯ ಗಾಯಕರ ತಟ್ಟೆಗಳು ಬಹುಕಾಲ ಬಿಡಿ ಹಾಡುಗಳ ಕಟ್ಟುಗಳಾಗಿಯೇ ಉಳಿದವು. ಆ ಕಟ್ಟನ್ನು ಒಂದು ಕೃತಿಯಾಗಿ ರೂಪಿಸಿದ ಪ್ರಯತ್ನಗಳಲ್ಲಿ, ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಎಂಬ 1967ರ ಧ್ವನಿಮುದ್ರಿಕೆಗೆ ವಿಶಿಷ್ಟ ಸ್ಥಾನವಿದೆ.

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ನಾಲ್ವರು ತರುಣರ ಈ ತಂಡಕ್ಕೆ ಕೀರ್ತಿಯೇ ಭಾರವಾಗಿತ್ತು. ಅಭಿಮಾನಿಗಳ ಕೂಗಿನ ಅಬ್ಬರದಲ್ಲಿ ಅವರ ಹಾಡು ಅವರಿಗೇ ಕೇಳದಂತಾಗಿತ್ತು. 1966ರ ಆಗಸ್ಟ್ 29ರಂದು ಸಾನ್‌ಫ್ರಾನ್ಸಿಸ್ಕೊದಲ್ಲಿ ಹಾಡಿ ಅವರು ಕಚೇರಿ ಪ್ರವಾಸಗಳಿಗೆ ಮಂಗಳ ಹಾಡಿದರು. ಅದೇ ನವೆಂಬರಿನಲ್ಲಿ ಲಂಡನ್ನಿನ ಆ್ಯಬಿ ರಸ್ತೆಯ ಧ್ವನಿಮುದ್ರಣಾಲಯವನ್ನು ಹೊಕ್ಕವರು ಹೊಸ ತಟ್ಟೆಯ ಕೆಲಸವನ್ನು ಮುಗಿಸಿದ್ದು 1967ರ ಏಪ್ರಿಲಿನಲ್ಲಿ. ಅಲ್ಲಿದ್ದುದು ಏಕಕಾಲಕ್ಕೆ ನಾಲ್ಕು ಪಥಗಳಲ್ಲಿ ಮಾತ್ರ ಧ್ವನಿಯನ್ನು ಹಿಡಿಯಬಲ್ಲ ಟೇಪ್ ಯಂತ್ರ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಅವರ ತಂತ್ರಜ್ಞರು ತುಂಬಿದ ಪಥಗಳನ್ನು ಬೆರೆಸಿ, ಮತ್ತೊಂದು ಯಂತ್ರದ ಒಂದೇ ಪಥಕ್ಕೆ ಇಳಿಸಿ, ಉಳಿದವುಗಳಲ್ಲಿ ಹೊಸ ನಾದಗಳನ್ನು ಸೇರಿಸುತ್ತ ಹೋದರು. ಕೊನೆಯ ಹಾಡಿಗಾಗಿ ಫೆಬ್ರವರಿ 10ರಂದು ನಲವತ್ತು ಮಂದಿ ಶಾಸ್ತ್ರೀಯ ವಾದಕರು ನೆರೆದಿದ್ದರು. ವಾದ್ಯದ ಅತ್ಯಂತ ಕೆಳಗಿನ ಸ್ವರದಿಂದ ಮೇಲಿನ ಸ್ವರದವರೆಗೆ ನೆರೆಯವನನ್ನು ಅನುಸರಿಸದೆ ಏರಬೇಕೆಂಬುದು ಅವರಿಗಿತ್ತ ಸೂಚನೆ. ಜೊತೆಗೂಡಿ ನುಡಿಸುವುದನ್ನೇ ಜೀವಮಾನವಿಡೀ ಕಲಿತವರಿಗೆ ಇದೊಂದು ವಿಚಿತ್ರ ಪರೀಕ್ಷೆ! ಆ ಮಹಾಘೋಷದ ಬಳಿಕ, ಹಲವು ಪಿಯಾನೊಗಳ ಮೇಲೆ ಒಮ್ಮೆಗೇ ಒತ್ತಿದ ಸ್ವರಮೇಳವೊಂದು ಸುಮಾರು ನಲವತ್ತು ಸೆಕೆಂಡುಗಳ ಕಾಲ ಕ್ಷೀಣಿಸುತ್ತ ಮೌನದಲ್ಲಿ ಲೀನವಾಗುತ್ತದೆ.

ತಟ್ಟೆಯನ್ನು ಮಗುಚಿದೊಡನೆ ಎರಡನೆಯ ಮಗ್ಗುಲಿನ ಆರಂಭದಲ್ಲಿ ಕೇಳುವುದು ತಂಬೂರಿಯ ಶ್ರುತಿ. ತಂಡದ ಜಾರ್ಜ್ ಹ್ಯಾರಿಸನ್ 1966ರಲ್ಲಿ ಭಾರತಕ್ಕೆ ಬಂದು ಪಂಡಿತ ರವಿಶಂಕರರಲ್ಲಿ ಸಿತಾರ್ ಅಭ್ಯಾಸ ಮಾಡಿದ್ದರು. ಅವರು ರಚಿಸಿದ ಈ ಹಾಡಿನಲ್ಲಿ ತಂಡದ ಉಳಿದ ಮೂವರಿಗೂ ಪಾತ್ರವಿಲ್ಲ. ಸ್ವರಗಳು ಖಮಾಜ್ ಥಾಟಿನವು; ನಮ್ಮ ಕರ್ನಾಟಕ ಪದ್ಧತಿಯಲ್ಲಿ ಹರಿಕಾಂಭೋಜಿ ಮೇಳದವು. ಗಾಯನ ಭಾಗದ ಹದಿನಾರು ಮಾತ್ರೆಗಳ ನಡೆಯು ನಡುವಣ ವಾದ್ಯ ಭಾಗದಲ್ಲಿ ಹತ್ತು ಮಾತ್ರೆಗಳಿಗೆ ತಿರುಗುತ್ತದೆ. ಅಲ್ಲಿ ದಿಲ್‌ರುಬಾ ಒಂದು ಮಾತನಾಡಿದರೆ ಪಾಶ್ಚಾತ್ಯ ಪಿಟೀಲುಗಳು ಮರುನುಡಿಯುತ್ತವೆ. ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಗಮಕವನ್ನು ಆ ಪಿಟೀಲುಗಾರರು ಹೊಸದಾಗಿ ಕಲಿಯಬೇಕಾಯಿತು.

ಲಂಡನ್ನಿನಲ್ಲಿ ನೆಲೆಸಿದ್ದ ಭಾರತೀಯ ವಾದಕರು ಅಂದು ನುಡಿಸಿದರು. ತಟ್ಟೆಯ ಹೊದಿಕೆಯ ಮೇಲೆ ಹತ್ತಾರು ಪ್ರಸಿದ್ಧರ ಮುಖಗಳಿವೆ. ಹಿಂಬದಿಯಲ್ಲಿ ಎಲ್ಲ ಹಾಡುಗಳ ಸಾಹಿತ್ಯವಿದೆ. ಮೊದಲು ಸೇರಿದ್ದ ಗಾಂಧೀಜಿಯವರ ಚಿತ್ರವನ್ನು, ಭಾರತೀಯರಿಗೆ ನೋವಾದೀತೆಂಬ ಅಂಜಿಕೆಯಿಂದ ಸಂಸ್ಥೆಯು ತೆಗೆಸಿತು. ಭಾರತೀಯರ ಮನಸ್ಸನ್ನು ಕುರಿತು ಅಷ್ಟು ಎಚ್ಚರ ವಹಿಸಿದ ಆ ಹೊದಿಕೆಯಲ್ಲಿ, ದಿಲ್‌ರುಬಾ ಮತ್ತು ತಬಲಾ ನುಡಿಸಿದ ಭಾರತೀಯರ ಹೆಸರುಗಳಿಗೆ ಮಾತ್ರ ಒಂದು ಸಾಲಿನ ಸ್ಥಳವೂ ದೊರೆಯಲಿಲ್ಲ.

ಕೃತಿಗೆ ಟೀಕೆಯೂ ಬಂದಿತು. ಕಾಲ್ಪನಿಕ ವಾದ್ಯತಂಡವೊಂದರ ಕಚೇರಿಯೆಂಬ ಚೌಕಟ್ಟು ಆರಂಭದ ಎರಡು ಹಾಡುಗಳ ಬಳಿಕ ಮರೆಯಾಗಿ, ಕೊನೆಯ ಹೊತ್ತಿಗಷ್ಟೇ ಮರಳುತ್ತದೆ ಎಂಬುದು ನಿಜ. ಆದರೂ 1968ರಲ್ಲಿ, ವರ್ಷದ ಶ್ರೇಷ್ಠ ಧ್ವನಿಮುದ್ರಿಕೆಗೆ ಸಲ್ಲುವ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆದ ಪ್ರಥಮ ರಾಕ್ ಕೃತಿಯೆಂಬ ಗೌರವ ಇದಕ್ಕೆ ಸಂದಿತು. ರಾಕ್ ಸಂಗೀತವನ್ನೂ ಕುಳಿತು, ಮೊದಲಿಂದ ಕೊನೆಯವರೆಗೆ ಆಲಿಸಬಹುದೆಂಬ ಅರಿವು ಇದರಿಂದ ಬಲಗೊಂಡಿತು.

ಪ್ರಶಸ್ತಿಯು ಹೆಸರುಳ್ಳವರನ್ನು ಹುಡುಕಿಕೊಂಡು ಹೋಗುತ್ತದೆ. ಕಿವಿಗೆ ಆ ಭೇದವಿಲ್ಲ. ಮುಳ್ಳು ಎರಡನೆಯ ಮಗ್ಗುಲಿನ ಮೊದಲ ಗೆರೆಯನ್ನು ಮುಟ್ಟಿದಾಗಲೆಲ್ಲ ಆ ದಿಲ್‌ರುಬಾ ಮತ್ತೆ ನುಡಿಯುತ್ತದೆ. ಹೊದಿಕೆಯು ಮರೆತವರನ್ನು ತಟ್ಟೆಯು ಇಂದಿಗೂ ಮರೆತಿಲ್ಲ.