ಬಾಗಿಲು ಮುಚ್ಚಿದ ಕೋಣೆ

ಬೆಂಗಳೂರಿನ ಸಂಗೀತಗಾರರಿಗೆ ರಾಮನವಮಿಯೆಂದರೆ ಸುಗ್ಗಿಯ ಕಾಲ. ಚಾಮರಾಜಪೇಟೆಯ ದೊಡ್ಡ ಚಪ್ಪರದಿಂದ ಹಿಡಿದು ಬಡಾವಣೆಯ ಪುಟ್ಟ ಗುಡಿಯವರೆಗೆ ಎಲ್ಲೆಲ್ಲೂ ಕಚೇರಿ, ಪಾನಕ, ಕೋಸಂಬರಿ. 2020ರಲ್ಲಿ ಆ ಹಬ್ಬ ಏಪ್ರಿಲ್ 2ರಂದು ಬಂದಿತು. ಅದಕ್ಕೆ ಮೊದಲೇ, ಮಾರ್ಚ್ 25ರಿಂದ, ಕೊರೋನಾ ನಿಮಿತ್ತ ದೇಶಕ್ಕೇ ಬೀಗ ಬಿದ್ದಿತ್ತು.

ನನ್ನ ತಂಗಿಯ ಮಗಳು ಹಾಡುಗಾರ್ತಿ. ಬಸಿರು, ಬಾಣಂತನಗಳಿಂದಾಗಿ ಮೂರು ವರ್ಷ ವೇದಿಕೆಯಿಂದ ದೂರವಿದ್ದು, ಆ ವರ್ಷ ನಾಲ್ಕು ಕಚೇರಿಗಳನ್ನು ಒಪ್ಪಿಕೊಂಡಿದ್ದಳು. ನಾಲ್ಕೂ ಹೋದವು. ಮಗುವಿಗೆ ಎರಡು ವರ್ಷ. ಗಂಡನ ಕಂಪ್ಯೂಟರ್ ಕೆಲಸ ಮನೆಗೆ ಬಂದಿತು. ಮನೆಯಲ್ಲಿದ್ದ ಒಂದೇ ಕೋಣೆಯ ಬಾಗಿಲು ಮುಚ್ಚಿತು. ಹಗಲೆಲ್ಲ ಗಟ್ಟಿಯಾಗಿ ಸ್ವರವೆತ್ತುವಂತಿಲ್ಲ. ಆತ ಕೆಟ್ಟವನೇನಲ್ಲ. ಆದರೆ ಅವನದು ಕೆಲಸ, ಇವಳದು ಹವ್ಯಾಸ ಎಂಬುದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. (ಇಪ್ಪತ್ತು ವರ್ಷ ಕಲಿತ ವಿದ್ಯೆಗೆ ಹವ್ಯಾಸವೆಂಬ ಹೆಸರು!)

ಮೇ ತಿಂಗಳಲ್ಲಿ ಒಂದು ಸಂಗೀತ ಸಭೆಯವರು ಅಂತರ್ಜಾಲದಲ್ಲಿ ಹಾಡಲು ಕೇಳಿದರು. ಬೇರೆ ಬೇರೆ ಮನೆಗಳಲ್ಲಿ ಕುಳಿತು ಒಟ್ಟಿಗೆ ಹಾಡಿ ನುಡಿಸುವುದು ಆಗದ ಮಾತು. ಧ್ವನಿ ತಡವಾಗಿ ತಲುಪಿ ತಾಳ ಕೆಡುತ್ತದೆ. ಇವಳು ಮೊದಲು ಹಾಡಿ ಕಳುಹಿಸಬೇಕು, ಅದನ್ನು ಕೇಳುತ್ತ ಮೃದಂಗದವರು ತಮ್ಮ ಮನೆಯಲ್ಲಿ ನುಡಿಸಬೇಕು, ಆಮೇಲೆ ಎರಡನ್ನೂ ಜೋಡಿಸಬೇಕು. ಎದುರಿಗೆ ತಲೆದೂಗುವವರಿಲ್ಲ. ಅಡುಗೆಮನೆಯ ಡಬ್ಬಿಗಳಿಗೆ ಮೊಬೈಲು ಆನಿಸಿ, ಫ್ರಿಜ್ಜನ್ನು ಆರಿಸಿ, ಬೆಳಗಿನ ಜಾವ ನಾಲ್ಕಕ್ಕೆ ಹಾಡಲು ಕೂರುತ್ತಿದ್ದಳು. ಎರಡು ದಿನ ಮಗು ಎದ್ದು ಅತ್ತಿತು. ಮೂರನೆಯ ದಿನ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಭೌಳಿ ರಾಗದ ಕೃತಿಯೊಂದನ್ನು ಹಾಡಿ ಮುಗಿಸಿದಳು. "ಮುಖ ಮಾತ್ರ ಕಾಣುತ್ತೆ ಮಾವ, ತಾಳ ಹಾಕಿದ್ದು ಮಗುವಿನ ಬೆನ್ನ ಮೇಲೆ" ಎಂದಳು. ಮೆಚ್ಚುಗೆಯ ಮಾತುಗಳು ಬಹಳ ಬಂದವು. ಸಂಭಾವನೆಯ ಮಾತನ್ನು ಯಾರೂ ಎತ್ತಲಿಲ್ಲ.

ಇಷ್ಟೂ ಇಲ್ಲದವರು ಉತ್ತರ ಕರ್ನಾಟಕದ ನಾಟಕ ಕಂಪನಿಗಳ ನಟಿಯರು. ಬಾದಾಮಿಯ ಬನಶಂಕರಿ ಜಾತ್ರೆ, ಶಿರಸಿಯ ಮಾರಿಕಾಂಬಾ ಜಾತ್ರೆ ಎಂದು ಊರೂರು ಸುತ್ತುವ, ರಂಗದ ಹಿಂದೆಯೇ ಮಕ್ಕಳನ್ನು ಮಲಗಿಸುವ ತಾಯಂದಿರಿಗೆ ಬೇಸಿಗೆಯ ಜಾತ್ರೆಗಳೇ ವರ್ಷದ ಅನ್ನ. ಟಿಕೆಟ್ಟಿನ ನಾಟಕವನ್ನು ಮೊಬೈಲಿನಲ್ಲಿ ಆಡುವುದೆಲ್ಲಿ?

ಅವರಿಗೆ ನಾನು ಮಾಡಲಾದದ್ದು ಅಲ್ಪ. ತಂಗಿಯ ಮಗಳ ವಿಷಯದಲ್ಲಿ ಮಾತ್ರ ಅವಳ ಗಂಡನನ್ನೇ ಕೇಳಿದೆ: "ಸಂಜೆ ಏಳರಿಂದ ಎಂಟರವರೆಗೆ ಕೋಣೆ ಅವಳಿಗಿರಲಿ. ನೀವು ಮಗುವನ್ನೂ ಫೋನನ್ನೂ ಹಿಡಿದುಕೊಳ್ಳಿ, ಕಥೆ ನಾನು ಹೇಳುತ್ತೇನೆ." ಒಂದು ಕ್ಷಣ ಸುಮ್ಮನಿದ್ದು ಒಪ್ಪಿದರು. ಕಾಗಕ್ಕ ಗುಬ್ಬಕ್ಕನಿಂದ ತೊಡಗಿದೆವು. ಮುಚ್ಚಿದ ಬಾಗಿಲಾಚೆಯಿಂದ ಅಕಾರ ಸಾಧನೆ ಕೇಳತೊಡಗಿದರೆ ಮಗು ಕಥೆಯನ್ನು ಬಿಟ್ಟು ಅತ್ತ ತಿರುಗುತ್ತಿತ್ತು. ಕೆಲವು ದಿನಗಳಾದ ಮೇಲೆ ಅದರ ಅಪ್ಪನೂ.